ಕಲ್ಲರೆ ಹಬ್ಬದ ಚೀಟಿಗಳು: ನಿಮ್ಮವರು ನಿಜವಾಗಿ ಮಾಡಿದ್ದೇನು?

ಬೇತ್ರಿಯವಳು, ಅಕ್ಟೋಬರ್ 4

ಕೊಡಗಿನ ಕಥೋಲಿಕರಲ್ಲಿ ಒಂದು ಕೋರಿಕೆ. ಬೇರೆಯವರೂ ಬರೆಯಬಹುದು, ಬರೆದರೆ ಇನ್ನೂ ಸಂತೋಷ.

ಕಲ್ಲರೆ ಹಬ್ಬ, ಅಂದರೆ ತೀರಿಕೊಂಡವರನ್ನು ಸ್ಮರಿಸುವ ದಿನವಾದ ನವೆಂಬರ್ 2ರ ಸಂಜೆ ಸಮಾಧಿಭೂಮಿಯಲ್ಲಿ ಬಲಿಪೂಜೆ ಮುಗಿದು ಗುರುಗಳು ಪವಿತ್ರ ಜಲ ಚಿಮುಕಿಸುತ್ತಾ ಸಾಲು ಸಾಲಾಗಿ ಹೋಗುವ ಹೊತ್ತಿನಲ್ಲಿ, ತೀರಿಕೊಂಡವರ ಬಗ್ಗೆ ಎರಡೆರಡು ಮಾತು ಓದೋಣ ಎಂದು ನಮ್ಮ ಧರ್ಮಕೇಂದ್ರದಲ್ಲಿ ಈ ವರ್ಷ ತೀರ್ಮಾನವಾಗಿದೆ. ಚೀಟಿ ಸಂಗ್ರಹಿಸುವ ಕೆಲಸ ನನ್ನ ತಲೆಗೆ ಬಂತು. ಮನೆ ಮನೆಗೆ ಅರ್ಧ ಹಾಳೆ ಕೊಟ್ಟು ಬಂದೆ. ಇಲ್ಲಿಯವರೆಗೆ ಇಪ್ಪತ್ತಾರು ವಾಪಸು ಬಂದಿವೆ. ಅದರಲ್ಲಿ ಇಪ್ಪತ್ತೆರಡರಲ್ಲಿ ಇರುವುದು ಒಂದೇ ವಾಕ್ಯ: "ದೈವಭಕ್ತರೂ ಸಮಾಜಸೇವಕರೂ ಸರಳ ಸಜ್ಜನರೂ ಆಗಿದ್ದರು." ಒಬ್ಬರಂತೂ ಗಂಡನಿಗೆ ಅದನ್ನು ಬರೆದು, ಮಾವನ ಹೆಸರಿನ ಮುಂದೆ "ಮೇಲಿನಂತೆ" ಎಂದು ಹಾಕಿದ್ದಾರೆ.

ಇದನ್ನು ಇಪ್ಪತ್ತೆರಡು ಸಲ ಮೈಕಿನಲ್ಲಿ ಓದಿದರೆ, ಸೊಳ್ಳೆ ಕಚ್ಚಿಸಿಕೊಂಡು ನಿಂತ ಜನ ಮುಂದಿನ ವರ್ಷ ಬರುವುದಿಲ್ಲ.

ನನ್ನ ಅಜ್ಜಿಯ ಚೀಟಿಗೆ ಕುಳಿತಾಗ ನನ್ನ ಪೆನ್ನಿಗೂ ಮೊದಲು ಬಂದದ್ದು ಅದೇ ವಾಕ್ಯ. ಹರಿದು ಹಾಕಿದೆ. ವೊಡ್ಲಿಮಾಯ್ (ಅಜ್ಜಿಯನ್ನು ನಾವು ಕರೆಯುತ್ತಿದ್ದದ್ದು ಹಾಗೆ) ಮಾಡುತ್ತಿದ್ದದ್ದು ಇಷ್ಟು: ಸುತ್ತಲಿನ ಯಾವ ಕಥೋಲಿಕ ಮನೆಯಲ್ಲಿ ಹೆಂಗಸರು ತೀರಿಕೊಂಡರೂ ಮೈ ತೊಳೆದು ಸೀರೆ ಉಡಿಸಲು ಅವಳಿಗೆ ಕರೆ ಬರುತ್ತಿತ್ತು. ಅದಕ್ಕೆಂದೇ ಒಂದು ಖಾಕಿ ಚೀಲ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿತ್ತು. ಒಳಗೆ ಕತ್ತರಿ, ಗಲ್ಲ ಕಟ್ಟಲು ತೆಳು ಬಿಳಿ ಬಟ್ಟೆಯ ಪಟ್ಟಿ, ಕಾಲಿನ ಹೆಬ್ಬೆರಳು ಜೋಡಿಸಲು ನೂಲು, ಅರ್ಧ ಬಾಟಲಿ ಯೂಡಿಕೊಲೋನ್, ಒಂದು ಜಪಸರ. ಆ ಮನೆಯಲ್ಲಿ ಸತ್ತವಳ ಕೈಗೆ ಸುತ್ತಲು ಜಪಸರ ಇಲ್ಲದಿದ್ದರೆ ಇರಲಿ ಎಂದು. ನೀರು ಬೆಚ್ಚಗಿರಲೇಬೇಕು, ತಣ್ಣೀರು ತಂದವರಿಗೆ "ಅವಳಿಗೆ ಚಳಿಯಾಗುವುದಿಲ್ಲವೇ" ಎಂದು ಗದರುತ್ತಿದ್ದಳು. ಮಾತನಾಡುತ್ತಲೇ ತೊಳೆಯುತ್ತಿದ್ದಳು: "ತೋಳು ಸ್ವಲ್ಪ ಸಡಿಲ ಬಿಡು ಬಾಯಿ, ರವಿಕೆ ತೊಡಿಸಬೇಕು." ಹನ್ನೊಂದು ವರ್ಷದವಳು ನಾನು, ಬಿಸಿನೀರಿನ ತಪ್ಪಲೆ ಹಿಡಿದು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದೇನೆ.

ಚರ್ಚಿನ ಮರಣ ಪುಸ್ತಕದಲ್ಲಿ ಅವಳ ಸಾಲು ಹೀಗಿದೆ: ಹೆಸರು, ವಯಸ್ಸು, ಕಾರಣದ ಜಾಗದಲ್ಲಿ "ವೃದ್ಧಾಪ್ಯ", ಕೊನೆಯ ಸಂಸ್ಕಾರ ಪಡೆದ ಗುರುತು, ಸಹಿ.

ನಿಮ್ಮವರ ಬಗ್ಗೆ ಹೀಗೆ ಏನಾದರೂ ಇದ್ದರೆ ಬರೆಯಿರಿ. ಬೇರೆಯವರಿಗೆ ತೋರಿಸಿ "ಇಂಥದ್ದು ಬರೆದುಕೊಡಿ" ಎನ್ನಲು ನನಗೆ ಮಾದರಿ ಬೇಕಾಗಿದೆ.


ನಿವೃತ್ತ ಮೇಷ್ಟ್ರು, ಅಕ್ಟೋಬರ್ 4

ತಪ್ಪು ಪ್ರಶ್ನೆಯದ್ದು ತಾಯಿ. "ಹೇಗಿದ್ದರು" ಎಂದು ಕೇಳಿದರೆ ಗುಣವಾಚಕ ಬರುತ್ತದೆ, ಮೂವತ್ತೆರಡು ವರ್ಷ ಪ್ರಬಂಧ ತಿದ್ದಿದ ಅನುಭವ. ಜೇಬಿನಲ್ಲಿ ಏನಿರುತ್ತಿತ್ತು, ಯಾರ ಮನೆಗೆ ಹೇಳದೆ ಹೋಗುತ್ತಿದ್ದರು, ಯಾವುದಕ್ಕೆ ಸಿಟ್ಟಾಗುತ್ತಿದ್ದರು ಎಂದು ಕೇಳಿ ನೋಡಿ.

ಇನ್ನೊಂದು ಮಾತು, ಹಳೆಯ ಕಥೆಯಾದರೂ. ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯದ ಹುಟ್ಟು 1792ರದ್ದು. ಅದಕ್ಕೆ ಎಂಟು ವರ್ಷ ಮೊದಲು, 1784ರಲ್ಲಿ, ಟಿಪ್ಪು ಕೆನರಾದ ಕಥೋಲಿಕರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದ. ಎಷ್ಟು ಸಾವಿರ ಎಂಬುದರಲ್ಲಿ ಬಲ್ಲವರಲ್ಲೇ ಒಮ್ಮತವಿಲ್ಲ, ಆ ಜಗಳವನ್ನು ದಯವಿಟ್ಟು ಇಲ್ಲಿಗೆ ತರಬೇಡಿ. ಅವರಲ್ಲಿ ತಪ್ಪಿಸಿಕೊಂಡು ಕೊಡಗು ಸೇರಿದ ಕೆಲವರಿಗೆ ಅಲ್ಲಿಯ ಅರಸ ದೊಡ್ಡ ವೀರರಾಜೇಂದ್ರ ಪೇಟೆಯಲ್ಲಿ ನೆಲೆ ಕೊಟ್ಟ. ಆತನೂ ಟಿಪ್ಪುವಿನ ಸೆರೆಯಲ್ಲಿ ಇದ್ದವನೇ. 1788ರಲ್ಲಿ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದವನು. ಕೊಟ್ಟವನಿಗೂ ಪಡೆದವರಿಗೂ ಕತ್ತಲ ಕೋಣೆಯ ಪರಿಚಯವಿತ್ತು. ಅರಸನ ಹೆಸರು ಊರಿಗೇ ಇದೆ. ಓಡಿ ಬಂದವರಲ್ಲಿ ಯಾರೋ ಒಬ್ಬಳು ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಕಾಡು ದಾಟಿರಲೇಬೇಕು. ಅವಳ ಮೊಮ್ಮಕ್ಕಳ ಮರಿಮಕ್ಕಳು ನಾವು, ನಮ್ಮ ಮನೆಯಲ್ಲಂತೂ ಅವಳ ಹೆಸರನ್ನು ಯಾರೂ ನಾಲಿಗೆಯ ಮೇಲೆ ಉಳಿಸಿಕೊಳ್ಳಲಿಲ್ಲ. ಚೀಟಿ ಬರೆಸಿ.


ಗುರುಮಠದ ಹುಡುಗ, ಅಕ್ಟೋಬರ್ 5

ಎಲ್ಲರ ಕ್ಷಮೆ ಕೇಳಿ ಒಂದು ಅಡ್ಡಮಾತು. ದಾನ ಮಾಡುವಾಗ ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಎಂದು ಯೇಸುವೇ ಹೇಳಿದ್ದಾರೆ, ಮತ್ತಾಯ 6:3. ಗುಟ್ಟಾಗಿ ಒಳ್ಳೆಯದು ಮಾಡಿ ಹೋದವರನ್ನು ಮೈಕಿನಲ್ಲಿ ಕೂಗಿ ಹೇಳುವುದು ಅವರ ಇಚ್ಛೆಗೆ ವಿರುದ್ಧವಲ್ಲವೇ? ಅಲ್ಲದೆ ಇದು ಮನೆ ಮನೆಗಳ ಪೈಪೋಟಿಯಾಗುತ್ತದೆ. ನಮ್ಮ ತಾತ ಎರಡು ಮಾತಿನವರು, ನಿಮ್ಮ ತಾತ ಐದು ಮಾತಿನವರು ಎಂದು.


ಬೇತ್ರಿಯವಳು, ಅಕ್ಟೋಬರ್ 5

ತಮ್ಮಾ, ಪೆಟ್ಟಿಗೆಯಲ್ಲಿ ಮಲಗಿಸಿದ ಮೇಲೆ ಎರಡು ಕೈಯನ್ನೂ ಜೋಡಿಸಿ ಒಂದೇ ಜಪಸರ ಸುತ್ತುತ್ತಾರೆ. ಆಗ ಎಡಗೈಗೆ ತಿಳಿಯದೆ ಇರುತ್ತದೆಯೇ? ಪೈಪೋಟಿಯ ಮಾತು ಮಾತ್ರ ಹೌದು, ಅದರ ಭಯ ನನಗೂ ಇದೆ.


ಲೈನ್ ಮನೆ ಮಗ, ಅಕ್ಟೋಬರ್ 5

ನನ್ನ ಮಾತು ಸ್ವಲ್ಪ ಖಾರವಾಗಿರುತ್ತದೆ.

ನಮ್ಮ ಕಡೆಯ ಸಮಾಧಿಭೂಮಿಯಲ್ಲಿ ಮುಂದಿನ ಎರಡು ಸಾಲು ಗ್ರಾನೈಟ್. ಹಿಂದಿನದ್ದೆಲ್ಲ ಮಣ್ಣಿನ ದಿಬ್ಬ, ತಲೆಯ ಕಡೆ ಸಿಲ್ವರ್ ಓಕ್ ರೀಪಿನ ಶಿಲುಬೆ. ಬಣ್ಣದಲ್ಲಿ ಬರೆದ ಹೆಸರು ಮೊದಲ ಕಕ್ಕಡ ಮಾಸದ ಮಳೆಗೇ ಹೋಗುತ್ತದೆ. ಎರಡನೆಯ ಮಳೆಗಾಲಕ್ಕೆ ಬುಡಕ್ಕೆ ಗೆದ್ದಲು, ಮೂರನೆಯದಕ್ಕೆ ಅಡ್ಡಪಟ್ಟಿ ಕಳಚುತ್ತದೆ. ಆಮೇಲೆ ಅಲ್ಲಿ ಯಾರಿದ್ದಾರೆ ಎಂದು ಗುರುತಿಸುವುದು ಪಕ್ಕದ ಮರ ನೋಡಿ. ನೆನಪಿನ ಬಗ್ಗೆ ಮಾತನಾಡುವವರು ಮೊದಲು ಈ ರೀಪಿನ ಬಗ್ಗೆ ಮಾತನಾಡಬೇಕು.

ನಮ್ಮ ತೋಟದಲ್ಲಿ ಒಬ್ಬ ಉಪದೇಶಿ ಇದ್ದರು. ತಮಿಳುನಾಡಿನಿಂದ ಚಿಕ್ಕವರಿದ್ದಾಗ ಬಂದವರು. ವಾರವೆಲ್ಲ ಎಲ್ಲರಂತೆ ಕಳೆ ಕೊಚ್ಚುವ ಕೂಲಿ. ಗುರುಗಳು ಲೈನಿಗೆ, ಅಂದರೆ ತೋಟದ ಕೂಲಿಯವರ ಸಾಲು ಮನೆಗಳಿಗೆ, ಬರುತ್ತಿದ್ದದ್ದು ತಿಂಗಳಿಗೊಂದು ಸಲ. ಉಳಿದ ಭಾನುವಾರಗಳಲ್ಲಿ ಮಕ್ಕಳಿಗೆ ಜಪ ಕಲಿಸುವುದು, ಕಾಯಿಲೆಯವರ ಪಕ್ಕ ಕುಳಿತು ಪ್ರಾರ್ಥಿಸುವುದು ಇವರದ್ದು. ಸಂಬಳದ ದಿನ ಸಂಜೆ ಲೈನಿನ ಅರ್ಧ ಜನ ಅವರ ಜಗುಲಿಯಲ್ಲಿ. ಊರಿಗೆ ಮನಿಯಾರ್ಡರ್ ಫಾರಂ ತುಂಬಿಕೊಡಬೇಕು, ಕೂಪನ್ನಿನ ಪುಟ್ಟ ಜಾಗದಲ್ಲಿ ಕ್ಷೇಮ ಸಮಾಚಾರ ಬರೆಯಬೇಕು. ಬಂದ ಕಾರ್ಡುಗಳನ್ನು ಓದಿ ಹೇಳುವವರೂ ಅವರೇ. ಸಾವಿನ ಸುದ್ದಿ ಇದ್ದ ಕಾರ್ಡನ್ನು ಆ ಮನೆಯವರ ಊಟ ಮುಗಿಯುವವರೆಗೆ ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದರು. ಉಪದೇಶಿಯಾರ್ ಬಂದು "ಊಟ ಆಯಿತೇ" ಎಂದು ಕೇಳಿದರೆ ನಮ್ಮ ಅಮ್ಮನ ಎದೆ ಹೊಡೆದುಕೊಳ್ಳುತ್ತಿತ್ತಂತೆ.

ಸಾಯುವ ಸ್ಥಿತಿಯಲ್ಲಿರುವ ಕೂಸಿಗೆ ಗುರುಗಳೇ ಬೇಕೆಂದಿಲ್ಲ, ಯಾರು ಬೇಕಾದರೂ ನೀರು ಹಾಕಿ ಜ್ಞಾನಸ್ನಾನ ಕೊಡಬಹುದು. ಅವರು ಹಾಗೆ ಕೊಟ್ಟ ಕೂಸುಗಳ ಹೆಸರನ್ನು ಒಂದು ಶಾಲಾ ನೋಟುಪುಸ್ತಕದಲ್ಲಿ ಬರೆದಿಟ್ಟು ಚರ್ಚಿಗೆ ಒಪ್ಪಿಸುತ್ತಿದ್ದರು. ಹೆಚ್ಚಿನವು ಉಳಿಯಲಿಲ್ಲ. ಉಳಿದವರಲ್ಲಿ ಒಬ್ಬರು ಈಗ ಸಿದ್ದಾಪುರದಲ್ಲಿ ಆಟೋ ಓಡಿಸುತ್ತಾರೆ.

ಅವರ ಸಮಾಧಿ ಹಲಸಿನ ಮರದಿಂದ ಎರಡನೆಯದು. ಈಗ ಹೇಳಿ ಮೇಡಂ, ನಿಮ್ಮ ಅರ್ಧ ಹಾಳೆ ಲೈನ್ ಮನೆಗಳಿಗೆ ಹೋಗಿದೆಯೇ?


ಬೇತ್ರಿಯವಳು, ಅಕ್ಟೋಬರ್ 5

ಹೋಗಿಲ್ಲ. ರಸ್ತೆ ಬದಿಯ ಮನೆಗಳಿಗೆ ಮಾತ್ರ ಕೊಟ್ಟೆ. ಭಾನುವಾರ ಹೋಗುತ್ತೇನೆ. ಬರೆಯಲು ಬಾರದವರು ಹೇಳಲಿ, ನಾನು ಬರೆದುಕೊಳ್ಳುತ್ತೇನೆ.


ಅಮ್ಮತ್ತಿ ಅಕ್ಕ, ಅಕ್ಟೋಬರ್ 6

ನಾನು ಕೊಡವತಿ. ನಿಮ್ಮ ಪ್ರಾರ್ಥನೆ ನನಗೆ ಬಾರದು ಎಂದರೆ ಸುಳ್ಳಾಗುತ್ತದೆ. ಹತ್ತು ವರ್ಷ ಕಾನ್ವೆಂಟಿನಲ್ಲಿ ಓದಿದವಳು, "ನಮೋ ಮರಿಯಾ" ಇಂದಿಗೂ ಬಾಯಿಪಾಠ.

ನಮ್ಮ ಭಾಗದಲ್ಲಿ ಕೇರಳದಿಂದ ಬಂದ ಒಬ್ಬ ಸಿಸ್ಟರ್ ಇದ್ದರು, ನರ್ಸ್. ಮಳೆಗಾಲದಲ್ಲಿ ಬಸ್ಸು ನಿಂತುಹೋದಾಗ ಗಮ್ ಬೂಟು ಹಾಕಿಕೊಂಡು ಗದ್ದೆಯ ಏರಿ ಮೇಲೆ ನಡೆದು ಬರುತ್ತಿದ್ದರು. ಒಂದು ಕೈಯಲ್ಲಿ ಔಷಧದ ಡಬ್ಬಿ, ಇನ್ನೊಂದರಲ್ಲಿ ಕೋಲು. ಕೋಲಿನ ತುದಿಗೆ ಉಪ್ಪು ಮತ್ತು ಹೊಗೆಸೊಪ್ಪು ಕಟ್ಟಿದ ಬಟ್ಟೆಯ ಗಂಟು, ಜಿಗಣೆಗೆ. ನಮ್ಮ ಅಡಿಗೆಮನೆಯಲ್ಲಿ ಒಲೆಯ ಪಕ್ಕ ಕುಳಿತೇ ನಮ್ಮ ಭಾಷೆ ಕೊಡವ ತಕ್ಕ್ ಕಲಿತರು. ಅಜ್ಜಿಯ ಕಾಲಿನ ಹುಣ್ಣಿಗೆ ಎರಡು ತಿಂಗಳು ದಿನ ಬಿಟ್ಟು ದಿನ ಪಟ್ಟಿ ಬದಲಾಯಿಸಿದವರು. ಅಜ್ಜಿ ಕೊಡುತ್ತಿದ್ದದ್ದು ಬೆಲ್ಲದ ಕರಿ ಕಾಫಿ ಒಂದೇ. ಬೇರೆ ಏನು ಕೊಟ್ಟರೂ ಸಿಸ್ಟರ್ ತೆಗೆದುಕೊಳ್ಳುತ್ತಿರಲಿಲ್ಲ.

ಅವರಿಗೆ ವರ್ಗವಾಯಿತು, ಕೆಲವು ವರ್ಷದ ಮೇಲೆ ಅಲ್ಲೇ ತೀರಿಕೊಂಡ ಸುದ್ದಿ ಬಂತು. ಆ ವರ್ಷ ಕಾರಣವರಿಗೆ, ಅಂದರೆ ತೀರಿಹೋದ ಹಿರಿಯರಿಗೆ, ಮೀದಿ (ಎಡೆ) ಇಡುವಾಗ ಅಜ್ಜಿ ಎಲೆಯ ಪಕ್ಕದಲ್ಲಿ ಬೇರೆಯಾಗಿ ಒಂದು ಲೋಟ ಕರಿ ಕಾಫಿ ಇಟ್ಟಳು. ಅಜ್ಜ ಏನಿದು ಎಂದು ಕೇಳಿದ್ದಕ್ಕೆ, "ಅವರು ಕಳ್ಳು ಕುಡಿಯುವುದಿಲ್ಲ" ಎಂದಳು. ನಮ್ಮ ಒಕ್ಕದ (ಮನೆತನದ) ಕಾರಣವರ ಸಾಲಿನಲ್ಲಿ ಒಬ್ಬ ಕನ್ಯಾಸ್ತ್ರೀ. ನಿಮ್ಮ ಗುರುಗಳು ಇದನ್ನು ಓದಲು ಒಪ್ಪುತ್ತಾರೋ ಇಲ್ಲವೋ, ಬರೆದಿದ್ದೇನೆ.


ಘಟ್ಟದ ಕೆಳಗಿನವ, ಅಕ್ಟೋಬರ್ 6

ಚೆನ್ನಾಗಿದೆ. ದೊಡ್ಡ ಹೆಸರುಗಳೂ ಇರಲಿ. ಕೊಡಗಿನ ರಾಜಕುಮಾರಿ ಗೌರಮ್ಮ, ಕೊಡಗಿನಲ್ಲಿ ಕೆಲಸ ಮಾಡಿದ ಮೋಗ್ಲಿಂಗ್ ಇವರನ್ನೂ ಸ್ಮರಿಸಬೇಕಲ್ಲವೇ?


ನಿವೃತ್ತ ಮೇಷ್ಟ್ರು, ಅಕ್ಟೋಬರ್ 6

ಸ್ಮರಿಸಿ, ಆದರೆ ಅವರ ಪೀಠದಲ್ಲಿ. 1852ರಲ್ಲಿ ಲಂಡನ್ನಿನಲ್ಲಿ ಗೌರಮ್ಮನಿಗೆ ಜ್ಞಾನಸ್ನಾನವಾದಾಗ ಧರ್ಮಮಾತೆಯಾಗಿ ನಿಂತವಳು ವಿಕ್ಟೋರಿಯಾ ರಾಣಿ. ಆ ಸಭೆ ಆಂಗ್ಲಿಕನ್. 1843ರಲ್ಲಿ ಮಂಗಳೂರು ಸಮಾಚಾರ ಹೊರಡಿಸಿದ ಮೋಗ್ಲಿಂಗ್ ಬಾಸೆಲ್ ಮಿಷನ್ನಿನವರು, ಅದು ಪ್ರಾಟೆಸ್ಟೆಂಟ್. ಮಡಿಕೇರಿ ಕೋಟೆಯೊಳಗೆ ಈಗ ವಸ್ತುಸಂಗ್ರಹಾಲಯವಾಗಿರುವ 1855ರ ಚರ್ಚು ಕೂಡ ಆಂಗ್ಲಿಕನ್ನರದ್ದೇ. ಹೊರಗಿನವರಿಗೆ ಎಲ್ಲವೂ "ಚರ್ಚು" ಎಂದು ಒಂದೇ ಆಗಿ ಕಾಣುತ್ತದೆ, ಮಂಗಳೂರಿನವರಾದ ನಿಮಗೂ ಕಾಣಬೇಕೇ?

ದೊಡ್ಡ ಹೆಸರೇ ಬೇಕಿದ್ದರೆ ಪಕ್ಕದ ಮೈಸೂರು ಸೀಮೆಯ ಅಬ್ಬೆ ದುಬಾಯ್ ಇದ್ದಾರೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಯ ಕಥೋಲಿಕರನ್ನು ಮತ್ತೆ ಒಟ್ಟುಗೂಡಿಸಲು ಬಂದ ಫ್ರೆಂಚ್ ಪಾದ್ರಿ. ಜನರ ಬಾಯಲ್ಲಿ ದೊಡ್ಡ ಸ್ವಾಮಿಯವರು. 1803ರ ಸುಮಾರಿಗೆ, ಸಿಡುಬಿನ ಲಸಿಕೆ ಎಂದರೆ ಜನ ಹೆದರಿ ಓಡುತ್ತಿದ್ದ ಕಾಲದಲ್ಲಿ, 25 ಸಾವಿರಕ್ಕೂ ಹೆಚ್ಚು ಮಂದಿಗೆ ಲಸಿಕೆ ಹಾಕಿಸಿದರು. ಅವರ ಮಿಕ್ಕ ಅಭಿಪ್ರಾಯಗಳೆಲ್ಲ ನನಗೆ ಒಪ್ಪಿಗೆಯಿಲ್ಲ. ಲಸಿಕೆ ಒಪ್ಪಿಗೆ.


ಹಳೆ ಲೆಕ್ಕಿಗ, ಅಕ್ಟೋಬರ್ 8

ಎಡಗೈ ಬಲಗೈ ಚರ್ಚೆಗೆ ಬರುತ್ತೇನೆ. ನನ್ನ ತಂದೆ ಸಂತ ವಿನ್ಸೆಂಟ್ ಡಿ ಪಾಲ್ ಸಭೆಯಲ್ಲಿ ಇದ್ದವರು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಇಪ್ಪತ್ತು ವರ್ಷದ ವಿದ್ಯಾರ್ಥಿ ಫ್ರೆಡ್ರಿಕ್ ಓಝನಾಮ್ ಗೆಳೆಯರೊಂದಿಗೆ ಕಟ್ಟಿದ ಸಭೆ ಅದು. ಬಡವರ ಮನೆಗೆ ಇಬ್ಬಿಬ್ಬರಾಗಿ ಹೋಗಬೇಕು, ಯಾರಿಗೆ ಏನು ಕೊಟ್ಟೆವು ಎಂದು ಹೊರಗೆ ಹೇಳಬಾರದು. ಸಭೆ ಸೇರಿದಾಗ ಒಂದು ಬಟ್ಟೆಯ ಸಂಚಿ ಕೈಯಿಂದ ಕೈಗೆ ಹೋಗುತ್ತದೆ. ಮುಷ್ಟಿ ಒಳಗೆ ಹಾಕಿ ತೆಗೆಯಬೇಕು. ನೂರು ಹಾಕಿದನೋ, ಏನೂ ಹಾಕಲಿಲ್ಲವೋ, ಪಕ್ಕದವನಿಗೆ ಗೊತ್ತಾಗಬಾರದು.

ಅಪ್ಪ ಸತ್ತ ಮೇಲೆ ಅವರ ಲೆಕ್ಕದ ಪುಸ್ತಕ ಸಿಕ್ಕಿತು. ಹೆಸರಿಲ್ಲ, ಗುರುತು ಮಾತ್ರ: "ಸೇತುವೆ ಆಚೆ, ಅಕ್ಕಿ 5 ಸೇರು." "ಕೆಂಪು ಬಾಗಿಲು, ಸ್ಲೇಟು 2." "ಕೆಮ್ಮು, ಬಸ್ ಚಾರ್ಜು." ಕೆಂಪು ಬಾಗಿಲಿನ ಮನೆ ಯಾವುದೆಂದು ನನಗೆ ಗೊತ್ತು, ಆ ಸ್ಲೇಟಿನಲ್ಲಿ ಬರೆದವನು ನನ್ನ ಜೊತೆಯೇ ಓದಿದವನು. ನಾನು ಅದನ್ನು ಇಲ್ಲೂ ಹೇಳುವುದಿಲ್ಲ. ಕೊಟ್ಟವರ ಹೆಸರು ಓದಿ, ಪಡೆದವರದ್ದು ಬೇಡ. ಅಷ್ಟು ಸಾಲದೇ?


ಮಾದಾಪುರದಿಂದ, ಅಕ್ಟೋಬರ್ 9

2018ರ ಆಗಸ್ಟ್ ಯಾರೂ ಬರೆಯಲಿಲ್ಲವಲ್ಲ. ಗುಡ್ಡ ಜಾರಿದ ವಾರ ನಾವು ಉಟ್ಟ ಬಟ್ಟೆಯಲ್ಲಿ ಒಂದು ಚರ್ಚಿನ ಸಭಾಂಗಣ ಸೇರಿದೆವು. ಅಲ್ಲಿ ಅಡಿಗೆಗೆ ನಿಂತವರು ಚರ್ಚಿನ ಹಬ್ಬಗಳಿಗೆ ಅಡಿಗೆ ಮಾಡುತ್ತಿದ್ದ ಒಬ್ಬ ಹಿರಿಯರು. ಅವರ ಕಾಫಿ ತೋಟವೂ ಅರ್ಧ ಜಾರಿಹೋಗಿತ್ತು. ನಮಗೆ ಅದು ಗೊತ್ತಾದದ್ದು ಐದನೆಯ ದಿನ, ಅದೂ ಬೇರೆಯವರಿಂದ.

ಸರಳ ಸಜ್ಜನರು ಎಂದು ಮಾತ್ರ ಬರೆಯಬೇಡಿ, ಅವರೇ ಎದ್ದು ಬಂದು ಬೈದಾರು. ಬಾಯಿ ಬಹಳ ಜೋರು. ಸೌಟು ಹಿಡಿದು ಫೋಟೋ ತೆಗೆಸಿಕೊಳ್ಳಲು ಬಂದ ಒಬ್ಬ ಮುಖಂಡರ ಕೈಗೆ ಈರುಳ್ಳಿ ಬುಟ್ಟಿ ಕೊಟ್ಟು ಕೂರಿಸಿದರು. ಪಾಪ, ಆ ಮನುಷ್ಯ ಕಣ್ಣೀರು ಸುರಿಸುತ್ತಾ ಅರ್ಧ ಬುಟ್ಟಿ ಹೆಚ್ಚಿದರು. ಫೋಟೋ ಅದರದ್ದೇ ಬಂತು. 22ರಂದು ಬಕ್ರೀದ್. ಕೇಂದ್ರದಲ್ಲಿ ಮೂರು ಮುಸ್ಲಿಂ ಕುಟುಂಬಗಳಿದ್ದವು, ಯಾರೂ ಹಬ್ಬದ ಮಾತೆತ್ತಿರಲಿಲ್ಲ. ಬೆಳಿಗ್ಗೆ ನೋಡಿದರೆ ದೊಡ್ಡ ಹಂಡೆಯಲ್ಲಿ ಶಾವಿಗೆ ಪಾಯಸ. "ಹಾಲು ಜಾಸ್ತಿ ಬಂದಿತ್ತು, ಒಡೆದುಹೋಗುತ್ತದೆ ಎಂದು ಮಾಡಿದೆ" ಎಂದರು. ಹಾಲು ಜಾಸ್ತಿ ಬಂದಿರಲಿಲ್ಲ. ದಾಸ್ತಾನು ಬರೆಯುತ್ತಿದ್ದವಳು ನಾನೇ.


ಹೆಸರು ಬೇಡ, ಅಕ್ಟೋಬರ್ 11

ಮೂರು ದಿನ ಬರೆದು ಅಳಿಸಿದೆ.

ನನ್ನ ಅಪ್ಪ ಸಮಾಧಿ ಅಗೆಯುತ್ತಿದ್ದರು. ಭಾನುವಾರ ಚರ್ಚಿನ ಒಳಗೆ ಬರುತ್ತಿರಲಿಲ್ಲ, ಹೊರಗೆ ಮೆಟ್ಟಿಲ ಹತ್ತಿರ ನಿಲ್ಲುತ್ತಿದ್ದರು. ಜೂನ್ ಜುಲೈಯಲ್ಲಿ ಮೂರಡಿ ಅಗೆಯುವಷ್ಟರಲ್ಲಿ ನೀರು ಜಿನುಗುತ್ತದೆ. ಎಷ್ಟು ಮೊಗೆದರೂ ಪೂಜೆ ಮುಗಿದು ಪೆಟ್ಟಿಗೆ ಬರುವಷ್ಟರಲ್ಲಿ ಮತ್ತೆ ಮೊಣಕಾಲುದ್ದ. ಅಪ್ಪ ಕೊನೆಯ ಗಳಿಗೆಯವರೆಗೆ ಗುಂಡಿಯಲ್ಲೇ ನಿಂತು ಬಕೆಟ್ಟಿನಲ್ಲಿ ಮೊಗೆಯುತ್ತಿದ್ದರು. ಗಂಟೆಯ ಸದ್ದು ಹತ್ತಿರವಾದಾಗ ತಳಕ್ಕೆ ದಪ್ಪಗೆ ಹಸಿ ಸೊಪ್ಪು ಹಾಸಿ ಹತ್ತಿಬರುತ್ತಿದ್ದರು. ಮೇಲಿನಿಂದ ನೋಡಿದವರಿಗೆ ಹಸಿರು ಹಾಸಿಗೆ, ನೀರು ಕಾಣುವುದಿಲ್ಲ. "ನಮ್ಮವರನ್ನು ನೀರಿಗೆ ಹಾಕಿದರು ಎಂದು ಮನೆಯವರು ಆಯುಷ್ಯವೆಲ್ಲ ಕೊರಗಬಾರದು" ಎನ್ನುತ್ತಿದ್ದರು.

ಆಮೇಲೆ ಕುಡಿಯುತ್ತಿದ್ದರು. ಕುಡಿದು ಅಮ್ಮನಿಗೆ ಹೊಡೆಯುತ್ತಿದ್ದರು. ಇದೂ ನಿಜ. ಇಂಥವರ ಚೀಟಿ ನಿಮ್ಮ ಪಟ್ಟಿಯಲ್ಲಿ ಇರಬಹುದೇ?


ಗುರುಮಠದ ಹುಡುಗ, ಅಕ್ಟೋಬರ್ 11

ಇರಬೇಕು ಅಣ್ಣ. ಮೊನ್ನೆ ಅಡ್ಡಮಾತು ಹೇಳಿದವನು ನಾನೇ. ಸಂತರ ಹಬ್ಬ ನವೆಂಬರ್ 1ಕ್ಕೆ. 2ನೆಯ ತಾರೀಖು ಇನ್ನೂ ನಮ್ಮ ಪ್ರಾರ್ಥನೆ ಬೇಕಾಗಿರುವವರದ್ದು. ಮೊದಲನೆಯ ಮಹಾಯುದ್ಧದ ಸಾವುಗಳನ್ನು ಕಂಡು ಪೋಪ್ ಹದಿನೈದನೆಯ ಬೆನೆಡಿಕ್ಟ್ 1915ರಲ್ಲಿ, ಆ ಒಂದು ದಿನ ಪ್ರತಿಯೊಬ್ಬ ಗುರುವೂ ಮೂರು ಬಲಿಪೂಜೆ ಅರ್ಪಿಸಬಹುದು ಎಂದು ಅನುಮತಿ ಕೊಟ್ಟರು. ಬರೀ ಒಳ್ಳೆಯವರಿಗಾಗಿದ್ದರೆ ಒಂದೇ ಸಾಕಾಗುತ್ತಿತ್ತು. ಸೊಪ್ಪಿನ ಮಾತನ್ನೂ ಬರೆಯಿರಿ, ಉಳಿದದ್ದನ್ನು ಅಮ್ಮನನ್ನು ಕೇಳಿ ಬರೆಯಿರಿ.


ಹೆಸರು ಬೇಡ, ಅಕ್ಟೋಬರ್ 12

ಕೇಳಿದೆ. "ಕುಡಿಯುತ್ತಿದ್ದರು ಎಂದು ಹಾಕು, ಹೊಡೆದದ್ದು ನನಗೆ ಸೇರಿದ್ದು, ಅದನ್ನು ಓದುವುದು ಬೇಡ" ಎಂದಳು.


ಬೇತ್ರಿಯವಳು, ನವೆಂಬರ್ 3

ನಿನ್ನೆ ಆಯಿತು. ಒಟ್ಟು ಐವತ್ತೆಂಟು ಚೀಟಿ, ಅದರಲ್ಲಿ ಲೈನ್ ಮನೆಗಳದ್ದು ಹತ್ತೊಂಬತ್ತು. ಐದೂವರೆಗೆ ಮಳೆ ಹಿಡಿಯಿತು, ಮೈಕು ಕೈಕೊಟ್ಟಿತು. ಆರನೆಯ ಚೀಟಿಯಿಂದ ಕೊಡೆ ಹಿಡಿದು ಕೂಗಿ ಓದಿದೆವು, ಹಿಂದಿನ ಸಾಲಿನವರಿಗೆ ಕೇಳಿಸಲಿಲ್ಲ ಎಂಬ ದೂರು ಬಂದಿದೆ. "ಮೇಲಿನಂತೆ" ಎಂದು ಬರೆದಿದ್ದವರು ಮಾವನಿಗೆ ಹೊಸ ಚೀಟಿ ಕೊಟ್ಟರು: "ಬಸ್ಸಿನಲ್ಲಿ ಗರ್ಭಿಣಿಯರಿಗೆ ಜಾಗ ಬಿಡಿಸಲು ಜಗಳವಾಡಿ ಎರಡು ಸಲ ಅಂಗಿ ಹರಿಸಿಕೊಂಡಿದ್ದರು." ಪೈಪೋಟಿಯೂ ಸ್ವಲ್ಪ ನಡೆಯಿತು, ಒಂದು ಮನೆಯವರು ಮೂರು ಹಾಳೆ ತಂದಿದ್ದರು.

ಲೈನ್ ಮನೆ ಮಗ ದೂರವಾದರೂ ನಮ್ಮಲ್ಲಿಗೇ ಬಂದು ಉಪದೇಶಿಯವರ ಚೀಟಿ ತಾವೇ ಓದಿದರು. ಸಿದ್ದಾಪುರದ ಆಟೋ ಚಾಲಕರು ಬರಲಿಲ್ಲ, ಕುಶಾಲನಗರಕ್ಕೆ ಬಾಡಿಗೆ ಇತ್ತಂತೆ. ಕರಿ ಕಾಫಿಯ ಚೀಟಿಯನ್ನು ಗುರುಗಳು ಮೊದಲು ಒಂದು ಸಲ ಮನಸ್ಸಿನಲ್ಲೇ ಓದಿಕೊಂಡರು. ನಾನು ಉಸಿರು ಹಿಡಿದಿದ್ದೆ. ಆಮೇಲೆ ಅವರೇ ಗಟ್ಟಿಯಾಗಿ ಓದಿದರು. ರೀಪಿನ ಶಿಲುಬೆಗಳ ಜಾಗದಲ್ಲಿ ಸಿಮೆಂಟಿನದ್ದು ಎರಕ ಹೊಯ್ಯಿಸುವ ಮಾತು ಇನ್ನೂ ಮಾತಾಗಿಯೇ ಇದೆ, ಬಿಡುವುದಿಲ್ಲ.

ಹೆಸರು ಬೇಡ ಅವರೇ, ನಿಮಗೊಂದು ಪ್ರಶ್ನೆ. ನಿಮ್ಮ ಅಪ್ಪನ ಚೀಟಿ ಓದಿದ ಮೇಲೆ, ನಮ್ಮಲ್ಲಿ ಈಗ ಗುಂಡಿ ಅಗೆಯುವ ಹುಡುಗರಲ್ಲಿ ಒಬ್ಬ ಬಂದು ಕೇಳಿದ: ತಳಕ್ಕೆ ಹಾಸುತ್ತಿದ್ದದ್ದು ಯಾವ ಸೊಪ್ಪು?


ಹೆಸರು ಬೇಡ, ನವೆಂಬರ್ 3

ಜರೀಗಿಡ. ತೋಡಿನ ಬದಿಯಲ್ಲಿ ಆ ತಿಂಗಳು ಬೇಕಾದಷ್ಟು ಇರುತ್ತದೆ. ಮೊದಲು ನಾಲ್ಕು ಸಿಲ್ವರ್ ಓಕ್ ರೆಂಬೆ ಅಡ್ಡ ಹಾಕಬೇಕು, ಇಲ್ಲದಿದ್ದರೆ ಸೊಪ್ಪು ತೇಲುತ್ತದೆ. ಸೊಪ್ಪಿನ ಬೆನ್ನು ಕೆಳಗೆ ಬರಲಿ, ಹಸಿರು ಮುಖ ಮೇಲೆ. ಹಗ್ಗ ಎಳೆದುಕೊಳ್ಳುವಾಗ ನಿಧಾನ ಎಂದು ಹುಡುಗನಿಗೆ ಹೇಳಿ.